ಹೊರಗೆ ಮುಖ ಮಾಡಿದ ಹೂಗಳು

ಹೊಸ ಸಾಮಾನಿನ ಡಬ್ಬದಿಂದ ಥರ್ಮಾಕೋಲ್ ಎಳೆಯುವಾಗಿನ ಕಿರ್ರೆನ್ನುವ ಸದ್ದಿಗೆ ಇಂದಿಗೂ ನನ್ನ ಕೈ ತಣ್ಣಗಾಗುತ್ತದೆ.

ಆಗ ನನಗೆ ಏಳು ವರ್ಷ. ದೆಹಲಿ ಪಕ್ಕದ ಇಂದಿರಾಪುರಂನಲ್ಲಿ, ಒಂಬತ್ತನೇ ಮಹಡಿಯಲ್ಲಿದ್ದ ನಮ್ಮ ಬಾಲ್ಕನಿಯೇ ಅಮ್ಮನ ತೋಟ. ಚಳಿ ಇಳಿಯುವ ಹೊತ್ತಿಗೆ, ಕಂಬಿಗೆ ತೂಗುಹಾಕಿದ ಕುಂಡಗಳ ತುಂಬ ಪೆಟೂನಿಯಾ ಅರಳಿತ್ತು. ಹೂಗಳೆಲ್ಲ ಬಿಸಿಲಿನ ಕಡೆಗೆ, ಅಂದರೆ ಹೊರಗೆ, ಮುಖ ಮಾಡಿದ್ದವು. ಆ ಮುಖವನ್ನೇ ಹತ್ತಿರದಿಂದ ಹಿಡಿಯಬೇಕೆಂದು ಅಮ್ಮ ಪ್ಲಾಸ್ಟಿಕ್ ಸ್ಟೂಲ್ ಹತ್ತಿ, ಕ್ಯಾಮೆರಾವನ್ನು ಕಂಬಿಯಾಚೆ ಚಾಚಿ ಬಾಗಿದಳು. ಒಣಹಾಕಿದ ಬಟ್ಟೆ ಫೋಟೋದಲ್ಲಿ ಕಾಣದಂತೆ ಹೂವಿನ ಹಿಂದೆ ಬಿಳಿ ಥರ್ಮಾಕೋಲ್ ಹಿಡಿಯುವುದು ನನ್ನ ಕೆಲಸ.

"ಅಲುಗಾಡಬೇಡ. ಮಾತೂ ಬೇಡ, ಉಸಿರು ತಾಕಿದ್ರೂ ಎಸಳು ನಡುಗುತ್ತೆ," ಎಂದಳು.

ಸ್ಟೂಲಿನ ಹಿಂದಿನ ಎರಡು ಕಾಲು ನೆಲ ಬಿಟ್ಟು ಮೇಲೇಳುವುದನ್ನು ನೋಡಿದೆ. ಅಮ್ಮನ ಒಂದು ಚಪ್ಪಲಿ ಕಳಚಿ ಬಿತ್ತು. ನಾನು ಉಸಿರು ಬಿಗಿಹಿಡಿದು ನಿಂತೇ ಇದ್ದೆ; ಬೆರಳು ಒತ್ತಿದಲ್ಲಿ ಥರ್ಮಾಕೋಲ್ ಕಿರ್ರೆಂದಿತು. ಒಳಗಿನಿಂದ ಬಂದ ಅಜ್ಜಿ ಅವಳ ಸ್ವೆಟರನ್ನು ಎರಡೂ ಕೈಯಲ್ಲಿ ಹಿಡಿದೆಳೆದರು. ಇಬ್ಬರೂ ಬಾಲ್ಕನಿಯ ನೆಲಕ್ಕೆ ಕುಸಿದರು.

"ಏನೂ ಆಗಲಿಲ್ಲ ಬಿಡಿ ಅತ್ತೆ, ಫೋಟೋ ಅಂತೂ ಸಿಕ್ತು," ಅಮ್ಮ ನಕ್ಕಳು.

ಅಜ್ಜಿ ನನ್ನತ್ತ ತಿರುಗಿದರು. "ನೋಡ್ತಾ ನಿಂತಿದ್ಯಲ್ಲೋ, ಒಂದ್ಸಲ ಕೂಗೋಕೇನಾಗಿತ್ತು?"

"ಅಮ್ಮಾನೇ ಅಂದಿದ್ದು, ಹಿಲ್‌ನಾ ಮತ್, ಅಲುಗಾಡಬೇಡ ಅಂತ. ಮಾತೂ ಬೇಡ ಅಂತ."

ಅಮ್ಮನ ನಗು ನಿಂತಿತು. ಕೂತಲ್ಲಿಂದಲೇ ನನ್ನನ್ನು ಹತ್ತಿರ ಎಳೆದುಕೊಂಡಳು.

"ಇನ್ಮೇಲೆ ನಾನೇ ಬೇಡ ಅಂದಿದ್ರೂ ಕೂಗಬೇಕು ಕಂದಾ. ಎಲ್ಲಿ, ಈಗೊಂದ್ಸಲ ಕೂಗು."

ನಾನು ಬಾಯಿ ತೆರೆದೆ. ಸದ್ದೇ ಹೊರಡಲಿಲ್ಲ.