ಒಳಗಿನ ರಕ್ತ

ವನಜಾಕ್ಷಿ ಬರುವವರೆಗೆ ಮೂರು ತಲೆಮಾರಿನಿಂದ ಆ ಮನೆಗೆ ಹೊರಗಿನ ಹೆಣ್ಣು ಬಂದಿರಲಿಲ್ಲ. ಅವಳ ಅತ್ತೆ ತಮ್ಮ ಸೋದರಮಾವನನ್ನೇ ಮದುವೆಯಾದವರು. "ಹೊರಗಿನವಳು ಕಾಲಿಟ್ಟಳು, ತೊಟ್ಟಿಲು ಅಟ್ಟ ಸೇರಿತು" ಎಂದು ಆರು ವರ್ಷದಿಂದ ಅವಳನ್ನು ಚುಚ್ಚುತ್ತಿದ್ದರು. ಡಾಕ್ಟರು ಸೊಸೆಯ ದೋಷ ಹೇಳಿದ ಕೂಡಲೇ ಮಗನಿಗೆ ತಮ್ಮನ ಮಗಳನ್ನು ತರುವುದೆಂದು ಗೊತ್ತುಮಾಡಿಕೊಂಡೇ ಮಗ, ಸೊಸೆಯ ಜೊತೆ ಆಸ್ಪತ್ರೆಗೆ ಬಂದಿದ್ದರು.

"ಸೊಸೆಗೇನೂ ಆಗಿಲ್ಲಮ್ಮ," ಎಂದರು ಡಾಕ್ಟರು. "ತೊಂದರೆ ಮಗನದು. ವೀರ್ಯಾಣು ಬಲಿಯಲು ಬೇಕಾದ ಹಾರ್ಮೋನಿನ ಜೀನೇ ಕೆಟ್ಟಿದೆ. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೀಗಾಗೋದು. ಒಂದೇ ರಕ್ತದೊಳಗೆ ಮದುವೆಯಾದವರ ಮಕ್ಕಳಲ್ಲಿ ಜಾಸ್ತಿ."

ವನಜಾಕ್ಷಿ ಮೊದಲ ಸಲ ಅತ್ತೆಯ ಮುಖವನ್ನು ನೇರವಾಗಿ ನೋಡಿದಳು.

ಅತ್ತೆ ಮಗನತ್ತ ತಿರುಗಿದರು. "ನೋಡಿದೆಯೇನೋ? ನನ್ನ ತಮ್ಮನ ಮಗಳನ್ನೇ ತಂದಿದ್ದರೆ ಇಂಥ ಮಾತು ಹೊರಗಿನವಳ ಕಿವಿಗೆ ಬೀಳುತ್ತಿತ್ತೇ?"