ಮೊದಲು ಬಿಡಿಸಿದ ಮುಖ

"ಇವಳು ನನ್ನ ಮಗಳಲ್ಲ," ಎಂದಳು ತಾಯಿ.

ಚಿತ್ರಕಾರ್ತಿಯ ಕೈಯ ಪೆನ್ನು ಕಂಪ್ಯೂಟರಿಗೆ ಜೋಡಿಸಿದ ಟ್ಯಾಬ್ಲೆಟ್ಟಿನ ಮೇಲೆ ಹಾಗೇ ನಿಂತಿತು. ಬೆಳಗಿನಿಂದ ಬಿಡಿಸಿದ ಮುಖ ಪರದೆಯ ಮೇಲಿತ್ತು. ಕಾಣೆಯಾದಾಗ ಹತ್ತು ವರ್ಷದ ಹುಡುಗಿ, ಈಗ ಹದಿನೇಳಾಗಿರಬೇಕು. ಅವಳ ಹಳೆಯ ಫೋಟೊ, ಅಪ್ಪ ಅಮ್ಮ ಹದಿಹರೆಯದಲ್ಲಿ ತೆಗೆಸಿಕೊಂಡ ಫೋಟೊಗಳು, ಎಲ್ಲವನ್ನೂ ಒಂದರ ಮೇಲೊಂದಿಟ್ಟು, ಮೂಳೆ ಎಲ್ಲೆಲ್ಲಿ ಎಷ್ಟೆಷ್ಟು ಬೆಳೆದೀತೆಂದು ಅಂದಾಜು ಹಾಕಿ, ಮಗುವಿನ ಮುಖಕ್ಕೆ ವಯಸ್ಸು ಸೇರಿಸುವುದು ಅವಳ ಕೆಲಸ.

ಕಾಣೆಯಾದವರನ್ನು ಹುಡುಕುವ ಕಚೇರಿಯ ಮೇಲಿನ ಮಹಡಿಯಲ್ಲಿ, ಕಿಟಕಿ ಸರಿಯಾಗಿ ಮುಚ್ಚದ ಆ ಕೋಣೆಯಲ್ಲಿ ಕೂತು, ಇಂಥ ಎಷ್ಟೋ ಮಕ್ಕಳನ್ನು ಅವಳು ದೊಡ್ಡವರನ್ನಾಗಿ ಮಾಡಿದ್ದಳು. ಮೊದಮೊದಲು ಮನೆಗೆ ಹೋಗಿ ಅಳುತ್ತಿದ್ದಳು. ಈಗ ಇಸ್ತ್ರಿ ಮಾಡಿದ ಅಂಗಿ ಮಡಚಿಟ್ಟಂತೆ ಒಂದು ಮುಖ ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತಾಳೆ. ಮನಸ್ಸು ಮರಗಟ್ಟಿತ್ತು. ಗೆರೆ ನಡುಗುವುದು ನಿಂತಿತು, ಅದೊಂದೇ ಲಾಭ.

"ಎಲ್ಲಿ ತಪ್ಪಿದೆ ಹೇಳಿಮ್ಮ, ಸರಿ ಮಾಡೋಣ."

ತಾಯಿ ಬಾಗಿಲಿನ ಕಡೆ ನೋಡಿದಳು. ಹೊರಗಿನ ಪಡಸಾಲೆಯಲ್ಲಿ ಅವಳ ಗಂಡ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ. ಗದ್ಗದ ದನಿ ಬಾಗಿಲು ದಾಟಿ ಬರುತ್ತಿತ್ತು. "ಎಲ್ಲಿದ್ರೂ ನಾನು ಬಿಡಲ್ಲ ಸಾರ್. ಒಂದ್ಸಲ ಮನೆಗೆ ಬರ್ಲಿ, ಆಮೇಲಿಂದು ನಾನು ನೋಡ್ಕೋತೀನಿ."

ಅವನು ಹತ್ತದ ಮೆಟ್ಟಿಲಿಲ್ಲ, ಹಿಡಿಯದ ಕಾಲಿಲ್ಲ ಎಂದು ಕಚೇರಿಯಲ್ಲೆಲ್ಲ ಮಾತು. ಅವನ ಕಥೆ ಕೇಳಿ ಗೇಟಿನ ಕಾವಲುಗಾರನೂ ಕಣ್ಣೊರೆಸಿಕೊಂಡಿದ್ದನಂತೆ. ಈ ಚಿತ್ರಕ್ಕಾಗಿ ಬೆನ್ನುಬಿದ್ದವನೂ ಅವನೇ. ನಾಳೆ ಇದು ಎಲ್ಲ ಬಸ್ ನಿಲ್ದಾಣಗಳ ಗೋಡೆಗೆ ಹೋಗಲಿತ್ತು. ಮುಖ ಹೋಲಿದರೆ ಹುಡುಗಿ ಸಿಗುತ್ತಾಳೆ. ಹೋಲದಿದ್ದರೆ ಎದುರಿಗೆ ಬಂದು ನಿಂತರೂ ಯಾರೂ ತಿರುಗಿ ನೋಡುವುದಿಲ್ಲ.

ಚಿತ್ರಕಾರ್ತಿ ಪೆನ್ನನ್ನು ಮುಂದೆ ಚಾಚಿದಳು. "ನೀವೇ ತೋರಿಸ್ತೀರಾ?"

ತಾಯಿಯ ಬಲಗೈ ಹೆಬ್ಬೆರಳು ಬಾಗಲಿಲ್ಲ. "ಜಾರಿ ಬಿದ್ದಿದ್ದೆ," ಎಂದಳು, ಕೇಳುವ ಮೊದಲೇ.

ಹಾಗಾದರೆ ಮೌಸ್ ಸರಿ. ಅದು ಯಾವಾಗಲೂ ಟ್ಯಾಬ್ಲೆಟ್ಟಿನ ಎಡಗಡೆ ಇರುತ್ತಿತ್ತು. ಬಲಗೈ ಪೆನ್ನಿನಲ್ಲಿ ಬಿಡಿಸುವಾಗ ಎಡಗೈ ಮೌಸ್ ಹಿಡಿದು ಚಿತ್ರವನ್ನು ಹಿಗ್ಗಿಸುತ್ತದೆ, ಸರಿಸುತ್ತದೆ. ಚಿತ್ರಕಾರ್ತಿ ಅದನ್ನು ತಾಯಿಯ ಕಡೆ ತಳ್ಳಿದಳು.

"ಒಂದು ವಿಷ್ಯ. ಕೈ ಎರಡಿದ್ರೂ ಪರದೇಲಿ ಬಾಣ ಒಂದೇ. ಪೆನ್ನು ಟ್ಯಾಬ್ಲೆಟ್ ಮೇಲಿದ್ರೆ ಬಾಣ ಅದರದ್ದೇ ಮಾತು ಕೇಳುತ್ತೆ. ನಾನು ಎತ್ತಿದ್ಮೇಲೇ ನಿಮ್ಮ ಮೌಸ್ ನಡೆಯೋದು."

"ನಮ್ಮನೇಲೂ ಹಾಗೇ," ಎಂದಳು ತಾಯಿ. ತಮಾಷೆಯೋ ಅಲ್ಲವೋ, ಮುಖ ನೋಡಿದರೆ ತಿಳಿಯುವಂತಿರಲಿಲ್ಲ.

ಚಿತ್ರಕಾರ್ತಿ ಮೊದಲಿನ ಮುಖವನ್ನು ಬಚ್ಚಿಟ್ಟು, ಅದರ ಒಂದು ಪ್ರತಿಯನ್ನು ಮುಂದಿಟ್ಟಳು. ಪೆನ್ನು ಎತ್ತಿದಳು. ತಾಯಿಯ ಎಡಗೈ ಮೌಸಿನ ಮೇಲೆ ಕೂತಿತು. ಗಲ್ಲ ಅಗಲವಾಯಿತು. ಕಣ್ಣುಗಳು ದೂರ ಸರಿದವು. ಮೂಗು ದಪ್ಪಗಾಯಿತು. ಅಷ್ಟು ಹೊತ್ತು ಕಲ್ಲಿನಂತೆ ಕೂತಿದ್ದವಳು ಎಲ್ಲೂ ತಡವರಿಸಲಿಲ್ಲ.

"ಹಳೇ ಫೋಟೋದಲ್ಲಿ ಗಲ್ಲ ಚೂಪಾಗಿದೆಯಲ್ಲಮ್ಮ?"

"ಹೆತ್ತವಳು ಹೇಳ್ತಿದೀನಿ."

ಇಂಥ ತಾಯಂದಿರನ್ನು ಚಿತ್ರಕಾರ್ತಿ ಕಂಡಿದ್ದಳು. ಅತ್ತೂ ಅತ್ತೂ ಮಗುವಿನ ಮುಖವೇ ಮಸುಕಾಗಿ, ನೆನಪಿಗೆ ಬಂದದ್ದನ್ನೇ ನಿಜವೆಂದು ಹಟ ಹಿಡಿಯುತ್ತಾರೆ. ಹೆತ್ತ ಕರುಳಿನೊಂದಿಗೆ ವಾದ ಮಾಡುವ ಉಸಾಬರಿ ತನಗೇಕೆ? ಮೌಸ್ ಎಳೆದಲ್ಲೆಲ್ಲ ಪೆನ್ನಿನಿಂದ ನೆರಳು ತುಂಬುತ್ತ ಹೋದಳು. ಪೆನ್ನು, ಮೌಸ್, ಪೆನ್ನು, ಮೌಸ್. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಬೇರೆಯೇ ಒಬ್ಬ ಹುಡುಗಿ ಇದ್ದಳು.

ಬಾಗಿಲು ತೆರೆಯಿತು. ತಾಯಿಯ ಕೈ ಮೌಸ್ ಬಿಟ್ಟು ಮಡಿಲಿಗೆ ಹೋಯಿತು. ಇನ್ನೊಂದು ಕೈ ಕನ್ನಡಕ ತೆಗೆದು ಕೀಬೋರ್ಡಿನ ಹಿಂದೆ ಇಟ್ಟಿತು.

ತಂದೆ ಪರದೆಯ ಹತ್ತಿರ ಬಗ್ಗಿದ. ಹುಬ್ಬು ಗಂಟಿಕ್ಕಿತು. "ಏನೋ ಬೇರೆ ಥರ ಇದೆಯಲ್ಲ?"

"ನಿಮ್ಮಕ್ಕನ ಮುಖ," ಎಂದಳು ತಾಯಿ, ನೆಲ ನೋಡುತ್ತ. "ದೊಡ್ಡವಳಾಗ್ತಾ ನಿಮ್ಮ ಕಡೆಗೇ ಹೋಗಿರ್ತಾಳೆ."

ಅವನ ಹುಬ್ಬು ಸಡಿಲವಾಯಿತು. "ಹೌದು ಹೌದು. ಈ ಗಲ್ಲ ನಮ್ಮ ಮನೆತನದ್ದೇ." ಕಣ್ಣೊರೆಸಿಕೊಂಡ. ಚಿತ್ರಕಾರ್ತಿಗೆ ಕೈಮುಗಿದ. ಆಮೇಲೆ ಹೆಂಡತಿಯ ಮೊಣಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋದ. ಎಷ್ಟು ಅಕ್ಕರೆ ಎಂದುಕೊಂಡಳು ಚಿತ್ರಕಾರ್ತಿ.

ಅವಳು ಚಿತ್ರವನ್ನು ಅಚ್ಚಿಗೆ ಕಳಿಸಿದ ಸ್ವಲ್ಪ ಹೊತ್ತಿಗೆ ತಾಯಿ ಏದುಸಿರು ಬಿಡುತ್ತ ಒಬ್ಬಳೇ ಮತ್ತೆ ಬಂದಳು.

"ಕನ್ನಡಕ ಮರ್ತಿದ್ದೆ. ಅವ್ರು ಕೆಳಗೆ ಕಾರಲ್ಲಿದ್ದಾರೆ." ಕನ್ನಡಕ ಹಾಕಿಕೊಂಡಳು, ಹೊರಡಲಿಲ್ಲ. "ಮೊದಲು ಬಿಡಿಸಿದ್ರಲ್ಲ, ಅದನ್ನ ಇನ್ನೊಂದ್ಸಲ ತೋರಿಸಿ."

ಚಿತ್ರಕಾರ್ತಿ ಪೆನ್ನಿನಿಂದ ತಟ್ಟಿ, ಬಚ್ಚಿಟ್ಟ ಮುಖವನ್ನು ತೆರೆದಳು. ಚೂಪು ಗಲ್ಲ, ಒಳಸೇರಿದ ಕಣ್ಣು, ಬೆನ್ನಿಗಿಳಿದ ಜಡೆ. ತಾಯಿ ನೋಡುತ್ತಲೇ ನಿಂತಳು.

"ಅಳಿಸಿಬಿಡಿ."

"ಇದನ್ನ ಎಲ್ಲೂ ಹಾಕಲ್ಲಮ್ಮ. ಇನ್ನೊಂದು ಚಿತ್ರ ಬೇಕಾದ್ರೆ ಅಂತ ಕಚೇರಿಯವರು ಇಟ್ಕೋತಾರೆ. ಹೇಗೂ ಹೋಲಲ್ಲ ಅಂದ್ರಲ್ಲ?"

ತಾಯಿ ಮೌಸ್ ಹಿಡಿದು ತಳ್ಳಿದಳು. ಬಾಣ ಕದಲಲಿಲ್ಲ. ಪೆನ್ನು ಟ್ಯಾಬ್ಲೆಟ್ಟಿನ ಮೇಲೆಯೇ ಇತ್ತು. ಕೆಳಗೆ ಕಾರಿನ ಹಾರ್ನ್ ಕೂಗಿತು. ತಾಯಿ ಬೆಚ್ಚಿಬಿದ್ದಳು.

"ಥೇಟ್ ಹೀಗೇ ಇದ್ದಾಳೆ ನನ್ನ ಮಗಳು," ಎಂದಳು ಅವಳು, ಕೇಳಿಸಿಯೂ ಕೇಳಿಸದ ಹಾಗೆ. "ಹೋದ ವಾರ ಜಡೆ ಕತ್ತರಿಸ್ಕೊಂಡ್ಲು, ಅಷ್ಟೇ ವ್ಯತ್ಯಾಸ."

ಚಿತ್ರಕಾರ್ತಿ ಟ್ಯಾಬ್ಲೆಟ್ಟಿನ ಮೇಲಿಂದ ಪೆನ್ನು ಎತ್ತಿದಳು.