ಹಾಡು ಮುಗಿಯುವ ತನಕ ಬಾಯಿ ತೆರೆದಿರಲಿ

"ಜೋಗುಳ ಕಣೋ ಅದು, ಜೋಗುಳ! ಇಂಥದ್ದು ಕೇಳೋಕಾ ನಾವು ಇಷ್ಟು ವರ್ಷ ಗಂಟಲು ಹರ್ಕೊಂಡಿದ್ದು?" ಎಂದು ಕುರ್ಚಿಯಲ್ಲಿ ಒರಗಿದ್ದ ಭಾವ ಅಬ್ಬರಿಸಿದರು. ಬಾಯಿ ತೆರೆದದ್ದೇ ತಡ, ಭಾಮೈದನಾದ ಹಲ್ಲಿನ ಡಾಕ್ಟರು ದವಡೆಗೆ ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿ, ಕೆನ್ನೆಯೊಳಗೆ ಎರಡು ಹತ್ತಿಯುಂಡೆ ತುರುಕಿದರು. ಕೋಣೆ ತಣ್ಣಗಾಯಿತು. ಭಾವನ ಬಾಯಿ ಮುಚ್ಚಿಸಬೇಕಾದರೆ ಅದನ್ನು ತೆರೆಸಬೇಕು ಎಂಬುದು ಡಾಕ್ಟರಿಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಭಾವ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು, ಅಭಿಮಾನಿ ಸಂಘದಲ್ಲಿ ಅವರಿಗೆ ಗುಡುಗು ಅಂತಲೇ ಹೆಸರು. ಇಬ್ಬರೂ ಕಾಲೇಜಿನ ದಿನಗಳಿಂದ ಒಂದೇ ರಾಕ್ ಬ್ಯಾಂಡಿನ ಹುಚ್ಚರು. ಆ ಹುಚ್ಚಿನಲ್ಲಿ ಮನೆಗೆ ಬಂದು ಹೋಗಿ ಮಾಡುತ್ತಲೇ ಗುಡುಗು ಡಾಕ್ಟರ ಅಕ್ಕನನ್ನು ಮದುವೆಯಾಗಿದ್ದು. ಈಗ ಬ್ಯಾಂಡಿನವರಿಗೆ ಎಪ್ಪತ್ತು ದಾಟಿದೆ, ಹೊಸ ಆಲ್ಬಮ್ ಮೆತ್ತಗೆ, ನಿಧಾನವಾಗಿ ಬಂದಿದೆ, ಸಂಘಕ್ಕೆ ಸಂಘವೇ ಕೆಂಡಾಮಂಡಲವಾಗಿದೆ. ನಾಳೆಯ ಸಭೆಯಲ್ಲಿ ಸಂಘವನ್ನೇ ಮುಚ್ಚಿಬಿಡೋಣ ಎಂದು ಗುಡುಗು ಪಟ್ಟು ಹಿಡಿದಿದ್ದರು. ಸಂಘ ಹೋದರೆ ಈ ಊರಲ್ಲಿ ತನ್ನ ಜೊತೆ ಹಲ್ಲು ಬಿಟ್ಟು ಬೇರೆ ವಿಷಯ ಮಾತಾಡುವವರು ಯಾರಿದ್ದಾರೆ ಎಂದು ಡಾಕ್ಟರಿಗೆ ಚಿಂತೆ ಹತ್ತಿತ್ತು.

"ಸಂಘದ ನಿಯಮ ಏನು ಭಾವ? ಪೂರ್ತಿ ಆಲ್ಬಮ್ ಒಂದೇ ಸಲ ಕೂತು ಕೇಳದೆ ಯಾರೂ ಬಯ್ಯೋ ಹಾಗಿಲ್ಲ. ನೀವು ಕೇಳಿದ್ರಾ?"

"ಆಁ!" ಎಂದರು ಭಾವ.

"ಎಲ್ಲಿ ಕೇಳಿದ್ರು?" ಬಾಗಿಲ ಬಳಿ ಕೂತಿದ್ದ ಅಕ್ಕ ಪತ್ರಿಕೆಯಿಂದ ತಲೆ ಎತ್ತದೆ ಹೇಳಿದಳು. "ಎರಡನೇ ಹಾಡಿಗೇ ರಿಮೋಟ್ ಬೀಸಿ ಒಗೆದರು. ಟೀಪಾಯಿ ಗಾಜು ಹೋಯ್ತು."

"ಹಾಗಾದ್ರೆ ಈಗ ಕೇಳಿ." ಡಾಕ್ಟರು ಆಲ್ಬಮ್ಮನ್ನು ಮೊದಲಿನಿಂದ ಹಚ್ಚಿ, ಹಲ್ಲು ಕೊರೆಯಲು ಶುರುಮಾಡಿದರು. ನಡುನಡುವೆ ಮಷಿನ್ನು ನಿಲ್ಲಿಸಿ ವಾದವನ್ನೂ ಮಾಡಿದರು. "ಡ್ರಮ್ ಬಾರಿಸೋನಿಗೆ ಭುಜದ ಆಪರೇಷನ್ ಆಗಿದೆ. ನೀವು ನಮ್ಮ ಮೆಟ್ಟಿಲು ಹತ್ತೋಕೆ ಮೂರು ಕಡೆ ನಿಂತು ಉಸಿರು ಬಿಡ್ತೀರಿ, ಅವನು ಮಾತ್ರ ಇನ್ನೂ ಹುಡುಗನ ಹಾಗೆ ಬಡೀಬೇಕಾ? ಯಾವ ಊರ ನ್ಯಾಯ ಭಾವ ಇದು? ಹೋದ ಸಲ ಕಾರ್ಯಕ್ರಮದಲ್ಲಿ ತಲೆ ಕುಣಿಸೋಕೆ ಹೋಗಿ ಕತ್ತಿಗೆ ಪಟ್ಟಿ ಹಾಕಿಸ್ಕೊಂಡಿದ್ದು ಯಾರು?"

ಭಾವ ಆಕ್ಷೇಪಣೆಯ ಬೆರಳು ಎತ್ತಿದರು.

"ಬೆರಳು ಇಳಿಸಿ. ಮಷಿನ್ನು ನನ್ನ ಕೈಲಿದೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ ಬೆರಳು ಇಳಿಸಿದರು. ಕೊನೆಯ ಹಾಡು ಬಂತು. ಡ್ರಮ್ಮಿಲ್ಲ, ಒಂದೇ ಒಂದು ಗಿಟಾರು. ಮುದುಕ ಗಾಯಕನ ದನಿ ಮೇಲಿನ ಸ್ವರಕ್ಕೆ ಏರಲು ಹೋಗಿ ಅರ್ಧಕ್ಕೇ ಬಿರುಕುಬಿಟ್ಟಿತು. ಪುಣ್ಯಾತ್ಮ ಅದನ್ನು ತಿದ್ದದೆ ಹಾಗೇ ಬಿಟ್ಟಿದ್ದ. ಡಾಕ್ಟರಿಗೂ ವಾದ ಮರೆತುಹೋಯಿತು. ನೋಡಿದರೆ ಗುಡುಗಿನ ಕಣ್ಣಿನಿಂದ ನೀರು ಇಳಿದು ಕಿವಿಯೊಳಕ್ಕೆ ಹೋಗುತ್ತಿತ್ತು.

ಅಕ್ಕ ಎದ್ದು ಬಂದಳು. "ಅಯ್ಯೋ, ಯಾಕ್ರೀ ಅಳ್ತಿದ್ದೀರಾ?"

ಭಾವ ಹತ್ತಿ ಉಗುಳಿದರು. "ಹಲ್ಲು ನೋವು ಕಣೇ."

"ಇಂಜೆಕ್ಷನ್ ಕೊಟ್ಟಮೇಲೂನಾ?"

"ಕೆಲವರಿಗೆ ಹಾಗಾಗುತ್ತೆ ಅಕ್ಕಾ" ಎಂದು ಡಾಕ್ಟರು ಓದಿದ ವಿದ್ಯೆಗೆಲ್ಲ ಎಳ್ಳುನೀರು ಬಿಟ್ಟು ಸುಳ್ಳು ಹೇಳಿದರು.

ಭಾವ ಬಾಯಿ ಮುಕ್ಕಳಿಸಿದರು, ಚಪ್ಪಲಿ ಹುಡುಕಿ ಮೆಟ್ಟಿಕೊಂಡರು, ಬಾಗಿಲ ತನಕ ಹೋಗಿ ನಿಂತರು. "ನಾಳೆ ಸಭೆ…" ಎಂದರು. ಡಾಕ್ಟರು ಗ್ಲೌಸು ಬಿಚ್ಚುವುದನ್ನು ನಿಲ್ಲಿಸಿದರು.

"ಇಲ್ಲೇ ಇಟ್ಕೊಳ್ಳೋಣ ಕಣೋ, ಎಲ್ಲರಿಗೂ ಪೂರ್ತಿ ಕೇಳಿಸ್ಬೇಕು" ಎಂದರು ಭಾವ, ಸೊಟ್ಟಗಾದ ಬಾಯಿಂದ. "ನಮ್ಮ ವಯಸ್ಸಲ್ಲಿ ನೋವಿಲ್ಲದ ಹಲ್ಲು ಯಾರ ಬಾಯಲ್ಲಿದೆ?"